ಬಂದೂಕು ಹಿಡಿಯದವರಿಗೆ ಮಿಲಿಟರಿಯಲ್ಲಿ ಏನು ಕೆಲಸ?

ಊರಿಗೆ ಹೋದಾಗಲೆಲ್ಲ ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕಳೆದ ಬಸವ ಜಯಂತಿಗೆ ಬೈಲಹೊಂಗಲದ ಕಡೆ ಹೋಗಿದ್ದಾಗ ಬಿ.ಕಾಂ. ಕೊನೆಯ ವರ್ಷದ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾರ, ನೀವು ಮಿಲಿಟ್ರಿ ಲೆಕ್ಕದ ಆಫೀಸಿನ್ಯಾಗ ಇದ್ದೀರಂತಲ್ಲ, ಅಲ್ಲೆ ಏನ್ ಕೆಲಸ ಇರ್ತೈತ್ರಿ? ಬರೇ ಪಗಾರ ಹಂಚೂದೇನ್ರಿ? ನಂಗೂ ಆಗತೈತೇನ್ರಿ?" ಅಂಗಳದಲ್ಲಿ ನಿಂತು ಎರಡು ಮಾತು ಹೇಳಿ ಕಳಿಸಿದೆ. ಬಸ್ಸು ಹತ್ತಿದ ಮೇಲೆ, ಅಷ್ಟು ಹೇಳಿದ್ದು ಸಾಲಲಿಲ್ಲ ಅನಿಸಿತು.

ನಾನು ಸಮವಸ್ತ್ರದವಳಲ್ಲ. ನಮ್ಮದು ರಕ್ಷಣಾ ಲೆಕ್ಕಪತ್ರ ಇಲಾಖೆ, ರಕ್ಷಣಾ ಸಚಿವಾಲಯದ ಕೆಳಗಿರುವ ನಾಗರಿಕ ಇಲಾಖೆ. ದೆಹಲಿಯಲ್ಲಿ ಕೂರುವ ಕಂಟ್ರೋಲರ್ ಜನರಲ್ ಆಫ್ ಡಿಫೆನ್ಸ್ ಅಕೌಂಟ್ಸ್ ಇದರ ಮುಖ್ಯಸ್ಥರು. ಈಸ್ಟ್ ಇಂಡಿಯಾ ಕಂಪನಿ 1747ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ದಂಡಿಗೆ ಪೇಮಾಸ್ಟರ್ ಒಬ್ಬನನ್ನು ನೇಮಿಸಿತಲ್ಲ, ನಮ್ಮ ಇಲಾಖೆ ತನ್ನ ಬೇರನ್ನು ಅಲ್ಲಿಂದ ಎಣಿಸುತ್ತದೆ. ಸೈನ್ಯದ ಲೆಕ್ಕವನ್ನು ಸೈನ್ಯವೇ ಯಾಕೆ ಇಡಬಾರದು ಅಂತ ಕೆಲವರು ಕೇಳುತ್ತಾರೆ. ಊರ ಜಾತ್ರೆಯಲ್ಲಿ ಪಟ್ಟಿ ಎತ್ತುವವರೊಬ್ಬರು, ವಹಿ ಬರೆಯುವವರು ಇನ್ನೊಬ್ಬರು ಇರುತ್ತಾರಲ್ಲ, ಇದೂ ಹಾಗೆಯೇ. 2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಯೊಂದೇ 1.60 ಲಕ್ಷ ಕೋಟಿ ದಾಟುತ್ತದೆ. ಇಷ್ಟು ದೊಡ್ಡ ಗಂಟನ್ನು ಖರ್ಚು ಮಾಡುವವರ ಕೈಗೇ ವಹಿಯನ್ನೂ ಕೊಡುವುದು ಯಾರಿಗೂ ಒಳ್ಳೆಯದಲ್ಲ.

ಬೆಳಗಾವಿಯವರಿಗೆ ಮಿಲಿಟರಿ ಹೊಸದೇನಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಿಂದ ಇಲ್ಲೇ ಇದೆ. ಸಾಂಬ್ರಾದಲ್ಲಿ ವಾಯುಪಡೆಯವರ ತರಬೇತಿ ಶಾಲೆ ಇದೆ. ನಸುಕಿನಲ್ಲಿ ಹಳ್ಳಿಯ ರಸ್ತೆಗಳಲ್ಲಿ ಭರ್ತಿಗಾಗಿ ಓಡುವ ಹುಡುಗರನ್ನು ನೋಡುತ್ತಲೇ ನಾವೆಲ್ಲ ದೊಡ್ಡವರಾದೆವು. ಆ ಹುಡುಗ ಭರ್ತಿಯಾದ ಮೇಲೆ ಅವನ ಪಗಾರ ಎಲ್ಲಿಂದ, ಹೇಗೆ ಮನೆಗೆ ಬರುತ್ತದೆ ಅನ್ನುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದು ಹೀಗೆ. ಜವಾನ ಸೇರಿದೊಡನೆ ಅವನ ಹೆಸರಿಗೆ ಒಂದು ಖಾತೆ ತೆರೆಯುತ್ತೇವೆ. ಇಂಡಿವಿಜುವಲ್ ರನ್ನಿಂಗ್ ಲೆಡ್ಜರ್ ಅಕೌಂಟ್ ಅಂತ ಅದರ ಪೂರ್ತಿ ಹೆಸರು, ನಮ್ಮ ಬಾಯಲ್ಲಿ ಐಆರ್‌ಎಲ್‌ಎ. ಅವನ ರೆಜಿಮೆಂಟಿಗೆ ಹೊಂದಿಕೊಂಡಿರುವ ಪೇ ಅಕೌಂಟ್ಸ್ ಆಫೀಸಿನಲ್ಲಿ ಆ ಖಾತೆ ಇರುತ್ತದೆ. ಅವನು ರಾಜಸ್ಥಾನಕ್ಕೆ ಹೋಗಲಿ, ಲಡಾಖಿಗೆ ಹೋಗಲಿ, ಖಾತೆ ಅಲ್ಲೇ. ಅವನ ಬದುಕಿನಲ್ಲಿ ಆದದ್ದೆಲ್ಲ ನಮಗೆ ಒಂದೊಂದು ಸಾಲಾಗಿ ಬರುತ್ತದೆ. ಮದುವೆಯಾದ, ಮಗು ಹುಟ್ಟಿತು, ರಜೆಗೆ ಹೋದ, ಬಡ್ತಿ ಬಂತು, ಎತ್ತರದ ಪ್ರದೇಶಕ್ಕೆ ಹೋದ, ಅಲ್ಲಿಂದ ಇಳಿದ. ಈ ಸಾಲುಗಳಿಗೆ ಪಾರ್ಟ್ ಟೂ ಆರ್ಡರ್ ಅನ್ನುತ್ತೇವೆ. ಈಗ ಎಲ್ಲ ಕಂಪ್ಯೂಟರಿನಲ್ಲೇ ನಡೆದರೂ ತಾರೀಖು ಸರಿಯಿದೆಯೇ, ಹಳೆಯ ಸಾಲಿಗೆ ಹೊಸದು ತಾಳೆಯಾಗುತ್ತದೆಯೇ ಅಂತ ನೋಡಲು ಮನುಷ್ಯರ ಕಣ್ಣೇ ಬೇಕು.

ಒಂದು ತಾರೀಖಿನ ಬೆಲೆ ಎಷ್ಟು ಗೊತ್ತೇ? 2017ರಲ್ಲಿ ಜವಾನರ ಸಿಯಾಚಿನ್ ಭತ್ಯೆ ತಿಂಗಳಿಗೆ 14,000ದಿಂದ 30,000 ರೂಪಾಯಿಗೆ ಏರಿತು. ದಿನದ ಲೆಕ್ಕ ಹಿಡಿದರೆ ಸಾವಿರ ರೂಪಾಯಿ. ಇಳಿದ ತಾರೀಖು ಹತ್ತು ದಿನ ಹಿಂದುಮುಂದಾದರೆ ಹತ್ತು ಸಾವಿರ.

ಕೆಲಸಕ್ಕೆ ಸೇರಿದ ಮೊದಲ ವರ್ಷ, ದೂರದ ಊರೊಂದರಲ್ಲಿ, ನಾನೇ ಇಂಥ ತಪ್ಪು ಮಾಡಿದೆ. ಭತ್ಯೆ ನಿಲ್ಲಿಸಬೇಕಾದ ತಿಂಗಳನ್ನು ಒಂದು ತಿಂಗಳು ಮುಂದೆ ಹಾಕಿದೆ. ಒಬ್ಬ ಜವಾನನಿಗೆ ಹೆಚ್ಚು ದುಡ್ಡು ಹೋಯಿತು. ಗೊತ್ತಾದಾಗ ಅವನ ಖಾತೆ ಡೆಬಿಟ್ ಬ್ಯಾಲೆನ್ಸಿಗೆ ಇಳಿಯಿತು, ಅಂದರೆ ಅವನೇ ಸರಕಾರಕ್ಕೆ ಬಾಕಿ ಕೊಡಬೇಕಾಯಿತು; ಪಗಾರದಲ್ಲಿ ಮುರಿದುಕೊಂಡರು. ಕೆಲವು ದಿನಗಳಿಗೆ ಅವನಿಂದ ಹಿಂದಿಯಲ್ಲಿ ಬರೆದ ಪತ್ರ ಬಂತು. ಜಗಳವಿರಲಿಲ್ಲ, ಬೈಗುಳವೂ ಇರಲಿಲ್ಲ. ತಂಗಿಯ ಮದುವೆ ಇದೆ, ಈ ತಿಂಗಳು ಮನೆಗೆ ಏನು ಕಳಿಸಲಿ ಅಂತ ಮಾತ್ರ ಕೇಳಿದ್ದ. ಅಧಿಕಾರಿಗಳ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡು, ವಸೂಲಿಯನ್ನು ಕಂತುಗಳಾಗಿ ಹಂಚಿಸಿದೆ. ಆ ಪತ್ರವನ್ನು ಓದಿದ ದಿನದಿಂದ ತಾರೀಖನ್ನು ಎರಡು ಸಲ ಓದದೆ ನಾನು ಯಾವ ಸಾಲನ್ನೂ ದಾಟಿಲ್ಲ.

ಪಗಾರ ಒಂದು ಭಾಗ. ಬಿಲ್ಲು ಪಾಸು ಮಾಡುವುದು, ಮಿಲಿಟರಿ ಎಂಜಿನಿಯರಿಂಗ್ ಸರ್ವಿಸಸ್‌ನ ಕಟ್ಟಡ ಕಾಮಗಾರಿಯ ಲೆಕ್ಕ, ಖರೀದಿಗೆ ಮೊದಲು ಹಣಕಾಸಿನ ಸಲಹೆ ಕೊಡುವುದು, ಇವೆಲ್ಲ ಬೇರೆ ಬೇರೆ ವಿಭಾಗಗಳು. ನನಗೆ ಬಹಳ ಹಿಡಿಸಿದ್ದು ಲೋಕಲ್ ಆಡಿಟ್. ಯೂನಿಟ್ಟಿಗೇ ಹೋಗಿ ಅವರ ಸ್ಟೋರಿನ ಲೆಡ್ಜರ್ ನೋಡುವ ಕೆಲಸ ಅದು. ಡಿಪೋದವರು 40 ಕಂಬಳಿ ಕೊಟ್ಟೆವೆಂದು ವೌಚರ್ ಬರೆದಿದ್ದರೆ, ಪಡೆದ ಯೂನಿಟ್ಟಿನ ಲೆಡ್ಜರಿನಲ್ಲೂ 40 ಜಮಾ ಆಗಿರಬೇಕು. 38 ಇದ್ದರೆ ಆ ಎರಡು ಕಂಬಳಿ ಎಲ್ಲಿ? ಕೇಳುವವರಿಗೆ ಇದು ಚಿಲ್ಲರೆ ವಿಷಯ ಅನಿಸಬಹುದು. ಆ ಎರಡು ಕಂಬಳಿ ಹೊದೆಯಬೇಕಾದವರು ಎಲ್ಲಿ ಮಲಗುತ್ತಾರೆಂಬುದು ಗೊತ್ತಿದ್ದವರಿಗೆ ಚಿಲ್ಲರೆ ಅನಿಸುವುದಿಲ್ಲ.

ಇನ್ನು ಸೇರುವ ದಾರಿ. ಯಾವ ಪದವಿಯಾದರೂ ಸರಿ, ಕೇಂದ್ರ ಸರಕಾರದ ನೌಕರಿಗಳಿಗೆ ಆಯ್ಕೆ ಮಾಡುವ ಸ್ಟಾಫ್ ಸೆಲೆಕ್ಷನ್ ಕಮಿಷನ್ ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆ ಬರೆದು ಆಡಿಟರ್ ಆಗಿ ಬರಬಹುದು. ಈಗಿನ ಮೂಲ ವೇತನ 29,200 ರೂಪಾಯಿಯಿಂದ ಶುರು. ಒಳಗೆ ಬಂದ ಮೇಲೆ ಎಸ್ಎಎಸ್ ಎಂಬ ಇಲಾಖಾ ಪರೀಕ್ಷೆ ಇದೆ, ಅದನ್ನು ಪಾಸಾದವರು ಸಹಾಯಕ ಲೆಕ್ಕಾಧಿಕಾರಿಗಳಾಗುತ್ತಾರೆ. ನಿಯಮಗಳ ಪುಸ್ತಕಗಳನ್ನು ಅರೆದು ಕುಡಿಯಬೇಕಾದ ಪರೀಕ್ಷೆ ಅದು, ನಾನು ಎರಡನೆಯ ಸಲ ಪಾಸಾದೆ. ಯುಪಿಎಸ್‌ಸಿ ಬರೆದು ಬರುವವರು ನೇರವಾಗಿ ಐಡಿಎಎಸ್, ಅಂದರೆ ಇಂಡಿಯನ್ ಡಿಫೆನ್ಸ್ ಅಕೌಂಟ್ಸ್ ಸರ್ವಿಸ್ ಅಧಿಕಾರಿಗಳು. ಸಮವಸ್ತ್ರವೇ ಬೇಕು, ಲೆಕ್ಕವೂ ಬೇಕು ಅನ್ನುವ ಬಿ.ಕಾಂ. ಮಕ್ಕಳಿಗೆ ವಾಯುಪಡೆಯಲ್ಲಿ ಅಕೌಂಟ್ಸ್ ಶಾಖೆ ಇದೆ, ಅದಕ್ಕೆ ವಾಯುಪಡೆಯವರದೇ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್ ಬರೆಯಬೇಕು. ಸಿಜಿಎಲ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಹೆದರಬೇಕಿಲ್ಲ, ಆದರೆ ಇಂಗ್ಲಿಷಿಗೆ ವರ್ಷವಿಡೀ ದಿನಕ್ಕೆ ಒಂದು ತಾಸು ಕೊಡಲೇಬೇಕು. ನಾನೂ ಹಾಗೇ ಬಂದವಳು.

ಕಷ್ಟವನ್ನೂ ಹೇಳಿಬಿಡುತ್ತೇನೆ. ದೇಶದ ಯಾವ ಮೂಲೆಗಾದರೂ ವರ್ಗವಾಗಬಹುದು. ನನ್ನ ಮಗ ಮೂರು ಶಾಲೆ ಬದಲಿಸಿದ. ಹೆಣ್ಣುಮಗಳು ಒಬ್ಬಳೇ ಪರಊರಲ್ಲಿ ಹ್ಯಾಂಗ ಇರತಾಳ ಅಂತ ಮನೆಯವರು ಕೇಳುತ್ತಾರೆ. ನಮ್ಮಪ್ಪನೂ ಕೇಳಿದ್ದ. ಕಚೇರಿಯಲ್ಲಿ ಹೆಂಗಸರು ಬೇಕಾದಷ್ಟು ಜನ ಇದ್ದಾರೆ ಅಂತ ನೋಡಿದ ಮೇಲೆ ಅವನ ಜೀವ ತಣ್ಣಗಾಯಿತು.

ಕೆಲಸದಲ್ಲಿ ಮನಸ್ಸಿಗೆ ಹೆಚ್ಚು ತಟ್ಟುವುದು ಪಿಂಚಣಿ. ಮೊದಲು ಬ್ಯಾಂಕುಗಳು ಪಿಂಚಣಿಯ ಲೆಕ್ಕ ಹಾಕಿ ಕೊಡುತ್ತಿದ್ದವು. ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ನಮ್ಮ ಇಲಾಖೆಯೇ ನೇರವಾಗಿ ಖಾತೆಗೆ ಹಾಕುತ್ತದೆ. ಒಳ್ಳೆಯ ಬದಲಾವಣೆಯೆಂದೇ ನನ್ನ ಅಭಿಪ್ರಾಯ. ಆದರೆ ವಯಸ್ಸಾದವರಿಗೆ ಪಾಸ್‌ವರ್ಡು, ಓಟಿಪಿ ಎಲ್ಲ ದೊಡ್ಡ ಗುಡ್ಡ. ವರ್ಷಕ್ಕೊಮ್ಮೆ, ಬದುಕಿದ್ದೇನೆಂದು ತೋರಿಸುವ ಜೀವನ ಪ್ರಮಾಣವನ್ನು ಹೆಬ್ಬೆರಳು ಒತ್ತಿ ಕೊಡಬೇಕು. ಜನ್ಮವಿಡೀ ಕಳೆ ಕಿತ್ತ ಹೆಬ್ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಮುಖ ತೋರಿಸಿ ಪ್ರಮಾಣ ಕೊಡುವ ಸೌಲಭ್ಯ ಬಂದ ಮೇಲೆ ಆ ತೊಂದರೆ ಎಷ್ಟೋ ಹಗುರಾಗಿದೆ.

ನಮ್ಮೂರಲ್ಲೇ ಒಬ್ಬ ಆಯಿ ಇದ್ದಾಳೆ. ಗಂಡ ಹವಾಲ್ದಾರನಾಗಿ ನಿವೃತ್ತನಾಗಿದ್ದ, ಎಪ್ಪತ್ತು ದಾಟಿ ತೀರಿಕೊಂಡ. ಕುಟುಂಬ ಪಿಂಚಣಿ ಶುರುವಾಗಲಿಲ್ಲ. ಕಾಗದಗಳ ಚೀಲ ಹಿಡಿದು ನನ್ನ ತವರುಮನೆಗೆ ಬಂದಳು. ಬಿಚ್ಚಿ ನೋಡಿದರೆ, ಮಿಲಿಟರಿ ದಾಖಲೆಯಲ್ಲಿ ಅವಳ ಹೆಸರಿನ ಕೊನೆಗೆ 'ಬಾಯಿ', ಆಧಾರ್ ಕಾರ್ಡಿನಲ್ಲಿ 'ವ್ವ'. ನಮ್ಮ ಗಡಿನಾಡಿನಲ್ಲಿ ಇದು ಮನೆಮನೆಯ ಕತೆ. "ಯವ್ವಾ, ತವರಮನ್ಯಾಗ ಅವ್ವ ಅಂದ್ರು, ಪಲ್ಟನ್‌ದಾಗ ಬಾಯಿ ಅಂತ ಬರಕೊಂಡ್ರು. ಇಬ್ರೂ ನಾನs" ಅಂದಳು. ಅವಳ ಮಾತು ಸತ್ಯ. ಆದರೆ ಪಿಂಚಣಿಯ ಕಾಗದಕ್ಕೆ ಅವಳ ಧ್ವನಿ ಕೇಳಿಸುವುದಿಲ್ಲ. ಬೇರೊಬ್ಬರು ಬಂದು ಅವಳ ಹಕ್ಕನ್ನು ಕಿತ್ತುಕೊಳ್ಳಬಾರದೆಂದೇ ಆ ಕಟ್ಟುನಿಟ್ಟು.

ಅದಕ್ಕೇ ರಜೆಗೆ ಬರುವ ಜವಾನರಿಗೆಲ್ಲ ಕೈಮುಗಿದು ಹೇಳುತ್ತೇನೆ: ಹೆಂಡತಿಯ ಹೆಸರು, ಹುಟ್ಟಿದ ತಾರೀಖು ನಿಮ್ಮ ಸರ್ವಿಸ್ ದಾಖಲೆಯಲ್ಲಿ, ಆಧಾರಿನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಕ್ಷರ ಅಕ್ಷರ ಒಂದೇ ಇದೆಯೇ ನೋಡಿ. ನೀವು ನೌಕರಿಯಲ್ಲಿ ಇರುವಾಗ ಅದು ಒಂದು ಅರ್ಜಿಯ ಕೆಲಸ. ನಂತರ ಅದೇ ಕೆಲಸಕ್ಕೆ ಅವಳು ಅಫಿಡವಿಟ್ಟು, ಸಾಕ್ಷಿ, ಸೈನಿಕ ಕಲ್ಯಾಣ ಕಚೇರಿ ಅಂತ ಬಸ್ಸು ಹತ್ತಿ ಇಳಿಯಬೇಕಾಗುತ್ತದೆ.

ಆ ಆಯಿ ಹಾಗೇ ತಿರುಗಿದಳು. ಅರ್ಜಿಗಳನ್ನು ನಾನು ಬರೆದುಕೊಟ್ಟೆ. ಸೊಸೆ ಜೊತೆಗೆ ಓಡಾಡಿದಳು. ಏಳು ತಿಂಗಳಿಗೆ ತಿದ್ದಿದ ಪಿಂಚಣಿ ಆದೇಶ ಬಂತು, ಬಾಕಿಯೆಲ್ಲ ಕೂಡಿ ಖಾತೆಗೆ ಜಮಾ ಆಯಿತು. ಸೊಸೆ ಫೋನಿನಲ್ಲಿ ಕಾಗದದ ಫೋಟೋ ಕಳಿಸಿ, ಓದಿ ಹೇಳಬೇಕಂತೆ ಅಂದಳು. ನಾನು ಮೊತ್ತ ಓದತೊಡಗಿದೆ. ಹಿಂದಿನಿಂದ ಆಯಿಯ ದನಿ ಕೇಳಿಸಿತು: "ರೊಕ್ಕ ಇರಲಿ, ಹೆಸರ ಯಾವದ ಬರದಾರ ಕೇಳ."

'ವ್ವ' ಅಂತ ಇರುವುದನ್ನು ಓದಿ ಹೇಳಿದೆ.

"ಹಂಗಾರ ನಮ್ಮಪ್ಪ ಇಟ್ಟ ಹೆಸರ ಬಂತು" ಅಂದಳು.