ಗೇರ್‌ಬಾಕ್ಸ್ ಇಳಿಸುವ ಮುನ್ನ

ಕಾರ್ಬುರೇಟರ್ ಕಾಲದ ಮಾರುತಿ 800. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಹಿಂಬದಿಯ ಸೀಲ್, ಅಂದರೆ ಆಯಿಲ್ ತಡೆಯುವ ರಬ್ಬರ್ ಬಳೆ, ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು ಎಂಬ ತೀರ್ಮಾನದೊಂದಿಗೇ ಗಾಡಿ ಶೆಡ್ಡಿಗೆ ಬಂದಿತ್ತು.

ಮೊದಲು ಬೆರಳಿಗೆ ಹಚ್ಚಿ ಮೂಸಿ ನೋಡಿದೆವು. ಗೇರ್ ಆಯಿಲ್ ಆಗಿದ್ದರೆ ಗಂಧಕದ ಘಾಟು ಹೊಡೆಯುತ್ತದೆ. ಇದರಲ್ಲಿ ಅದಿಲ್ಲ, ಬಣ್ಣ ಡಿಪ್‌ಸ್ಟಿಕ್ಕಿನಲ್ಲಿದ್ದ ಕಪ್ಪೇ. ಎಂಜಿನ್ ಆಯಿಲ್ ಎಂಬುದು ಖಚಿತವಾಯಿತು. ಮಟ್ಟವೂ ಮೇಲಿನ ಗೆರೆ ದಾಟಿರಲಿಲ್ಲ, ಅಂದರೆ ಹೆಚ್ಚು ತುಂಬಿ ಹೊರಬಂದದ್ದಲ್ಲ.

ಆದರೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ. ಆಯಿಲ್ ಮೇಲಿಂದ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ದೂಡುತ್ತದೆ. ವರ್ಷಗಟ್ಟಲೆ ಕೂತ ಜಿಡ್ಡಿನ ಮೇಲೆ ಹೊಸ ಸೋರಿಕೆ ಕಾಣುವುದೇ ಇಲ್ಲ. ಹಾಗಾಗಿ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ), ಕಾರ್ಬುರೇಟರ್, ಆಲ್ಟರ್ನೇಟರ್‌ಗಳಿಗೆ ಪ್ಲಾಸ್ಟಿಕ್ ಕಟ್ಟಿ, ತಣ್ಣಗಿದ್ದ ಎಂಜಿನ್ನಿಗೆ ಡೀಸೆಲ್ ಮತ್ತು ಬ್ರಷ್ ಹಾಕಿ ಉಜ್ಜಿ, ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದೆವು. ಅನುಮಾನವಿದ್ದ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿದೆವು. ಸೀಲ್ ಬದಲಿಸುವುದಕ್ಕಿಂತ ಈ ಕೆಲಸಕ್ಕೇ ಹೆಚ್ಚು ಹೊತ್ತು ಕೊಡಬೇಕು.

ಹದಿನೈದು ನಿಮಿಷ ಐಡಲ್‌ನಲ್ಲಿ ಬಿಟ್ಟು ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದಾಗ, ಹೆಡ್ಡಿನ (ಎಂಜಿನ್ನಿನ ಮೇಲ್ಭಾಗ) ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಡಿಸ್ಟ್ರಿಬ್ಯೂಟರ್ ಬುಡದ ಪೌಡರ್ ಕಪ್ಪಾಗಿತ್ತು. ಅಲ್ಲಿಂದ ಒಂದು ಗೆರೆ ನೇರವಾಗಿ ಆ ಜೋಡಣೆಗೇ ಇಳಿದಿತ್ತು. ಹೆಡ್ ಕವರ್ ಪ್ಯಾಕಿಂಗಿನ ಅದೇ ಮೂಲೆಯಲ್ಲೂ ತೇವ. ಈ ಎಂಜಿನ್ನಿನಲ್ಲಿ ಹಿಂದಿನ ಸೀಲಿನ ಮೇಲೆ ಬರುವ ದೂರಿಗೆ ಈ ಎರಡು ಜಾಗ ನೋಡದೆ ಗೇರ್‌ಬಾಕ್ಸ್‌ಗೆ ಕೈ ಹಾಕಬಾರದು.

ಬಿಡಿಭಾಗ ತರಿಸುವ ಮುಂಚೆ ಬ್ರೀದರ್, ಅಂದರೆ ಎಂಜಿನ್ನಿನ ಒಳಗಿನ ಒತ್ತಡ ಹೊರಹೋಗುವ ದಾರಿ, ನೋಡಲೇಬೇಕು. ಎಂಜಿನ್ ಓಡುತ್ತಿದ್ದಾಗ ಆಯಿಲ್ ಮುಚ್ಚಳ ತೆಗೆದು ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟರೆ ಅದು ಮೆಲ್ಲಗೆ ಅದುರಬೇಕು ಅಥವಾ ಒಳಕ್ಕೆ ಎಳೆಯಬೇಕು. ಇಲ್ಲಿ ಹಾಳೆ ಹಾರಿಹೋಯಿತು. ಹೆಡ್ ಕವರಿನಿಂದ ಏರ್ ಕ್ಲೀನರ್‌ಗೆ ಹೋಗುವ ಪೈಪ್ ಬಿಚ್ಚಿದರೆ ಒಳಗೆ ಗಟ್ಟಿ ಮಡ್ಡಿ. ಒಳಗಿನ ಒತ್ತಡಕ್ಕೆ ದಾರಿ ಇಲ್ಲದಿದ್ದರೆ ಅದು ಎಲ್ಲಿ ಮೆತ್ತಗಿದೆಯೋ ಅಲ್ಲಿಂದ ಆಯಿಲ್ ದೂಡುತ್ತದೆ; ಹಾಕಿದ ಹೊಸ ಸೀಲೂ ಬೇಗ ಸೋರಬಹುದು. ಪೈಪ್ ಬದಲಿಸಿದ ಮೇಲೆ ಹಾಳೆ ಅಲ್ಲೇ ನಿಂತಿತು. ಆಗಲೂ ಹಾರಿದ್ದರೆ ಪಿಸ್ಟನ್ ರಿಂಗ್ ಸವೆದಿವೆಯೇ ಎಂದು ಕಂಪ್ರೆಷನ್ (ಸಿಲಿಂಡರಿನ ಒತ್ತಡ) ನೋಡಬೇಕಿತ್ತು.

ಡಿಸ್ಟ್ರಿಬ್ಯೂಟರ್ ಎಳೆಯುವ ಮುನ್ನ ಬಾಡಿಗೂ ಒಳಗೆ ತಿರುಗುವ ರೋಟರಿಗೂ ಗುರುತು ಹಾಕಿಕೊಂಡೆವು, ಆಮೇಲೆ ಕ್ರ್ಯಾಂಕ್ ಅಲ್ಲಾಡಿಸಲಿಲ್ಲ. ಅದರ ಬುಡದ ಹಳೆಯ ಓ-ರಿಂಗ್ (ರಬ್ಬರ್ ಬಳೆ) ಚಪ್ಪಟೆಯಾಗಿ ಗಟ್ಟಿಯಾಗಿತ್ತು, ಎಬ್ಬಿಸುತ್ತಿದ್ದಂತೆ ತುಂಡಾಯಿತು. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಆಯಿಲ್ ಇರಲಿಲ್ಲ. ಇದ್ದಿದ್ದರೆ ಹೋಗಿರುವುದು ಶಾಫ್ಟಿನ ಸೀಲ್, ಓ-ರಿಂಗ್ ಹಾಕಿ ಪ್ರಯೋಜನವಿಲ್ಲ. ಹೊಸದಕ್ಕೆ ಆಯಿಲ್ ಸವರಿ ಕೂರಿಸಿ, ಟೈಮಿಂಗ್ ಲೈಟ್ ಇಟ್ಟು ಕಿಡಿ ಹಾರುವ ಹೊತ್ತನ್ನು ಮತ್ತೆ ಹೊಂದಿಸಿದೆವು.

ಹೆಡ್ ಕವರಿಗೆ ಮೊದಲೇ ಯಾರೋ ಸುತ್ತಲೂ ಸಿಲಿಕೋನ್ ಪೇಸ್ಟ್ ಬಳಿದಿದ್ದರು. ಹೆಚ್ಚಾದ ಪೇಸ್ಟ್ ಒಳಕ್ಕೆ ಉದುರಿದರೆ ಚೇಂಬರಿನ (ಕೆಳಗಿನ ಆಯಿಲ್ ತೊಟ್ಟಿ) ಸ್ಟ್ರೈನರ್ ಜಾಲರಿಗೆ ಸಿಕ್ಕಿ ಆಯಿಲ್ ಪ್ರೆಷರ್ ಬೀಳುತ್ತದೆ, ಅದು ಸೋರಿಕೆಗಿಂತ ದೊಡ್ಡ ಅಪಾಯ. ಎರಡೂ ಅಂಚು ಲೋಹ ಕಾಣುವ ತನಕ ಕೆರೆದು, ಕವರಿನ ಅಂಚು ಬಾಗಿಲ್ಲ ಎಂದು ಸ್ಕೇಲ್ ಇಟ್ಟು ನೋಡಿ, ರಬ್ಬರ್ ಪ್ಯಾಕಿಂಗನ್ನು ಒಣಗಿದ ಮೇಲ್ಮೈಗೇ ಕೂರಿಸಿದೆವು. ಬೋಲ್ಟುಗಳನ್ನು ಅದಲುಬದಲಾಗಿ, ಸಣ್ಣ ಹಿಡಿಕೆಯ ರ‍್ಯಾಚೆಟ್ಟಿನಲ್ಲಿ ಹಗುರಾಗಿ ಬಿಗಿಯಬೇಕು. ಜೋರಾಗಿ ಬಿಗಿದರೆ ರಬ್ಬರ್ ಹೊರಕ್ಕೆ ಉಬ್ಬಿ ಮತ್ತೆ ಸೋರುತ್ತದೆ.

ಸುಮಾರು 10 ಕಿಲೋಮೀಟರ್ ಓಡಿಸಿ, ಜ್ಯಾಕ್ ಮೇಲಷ್ಟೇ ನಂಬದೆ ಸ್ಟ್ಯಾಂಡ್ ಕೊಟ್ಟು, ಕೆಳಗಿನಿಂದ ನೋಡಿದಾಗ ಜೋಡಣೆ ಒಣಗಿತ್ತು. ಟೈಮಿಂಗ್ ಬೆಲ್ಟ್ ಕಡೆಯ ಕ್ರ್ಯಾಂಕ್ ಸೀಲಿನಲ್ಲಿ ಮಾತ್ರ ತುಸು ಬೆವರು. ಬೆಲ್ಟಿಗೆ ಆಯಿಲ್ ತಾಗಿರಲಿಲ್ಲ, ಹಾಗಾಗಿ ಅದನ್ನು ಬೆಲ್ಟ್ ಬದಲಿಸುವ ಸರದಿಗೆ ಬಿಟ್ಟೆವು. ಆಗ ಕ್ಯಾಮ್ (ವಾಲ್ವ್ ತೆರೆಸುವ ದಂಡ) ಸೀಲೂ ಜೊತೆಗೇ ಹಾಕಬೇಕು. ಕ್ರ್ಯಾಂಕಿನ ಮೇಲೆ ಉಗುರಿಗೆ ಸಿಗುವಷ್ಟು ಗೀರಿದ್ದರೆ ಹೊಸ ಸೀಲನ್ನು ಒಂದು ಮಿಲಿಮೀಟರ್ ಹೊರಗೇ ನಿಲ್ಲಿಸಿದರೆ ಸೀಲಿನ ತುಟಿ ಕ್ರ್ಯಾಂಕಿನ ಸವೆಯದ ಜಾಗಕ್ಕೆ ಕೂರುತ್ತದೆ.