ಮೈನಸ್ 110 ಡಿಗ್ರಿಯಲ್ಲಿ ಮೂರು ನಿಮಿಷ: ನರಗಳಿಗೆ ಆಗುವುದೇನು?

ಡಿಸೆಂಬರ್ 14, 2025, ಭಾನುವಾರ

ಕ್ರಯೋಥೆರಪಿ, ಅಂದರೆ ಅತಿ ತಣ್ಣನೆಯ ಕೋಣೆಯಲ್ಲಿ ಕೆಲವೇ ನಿಮಿಷ ನಿಂತು ಪಡೆಯುವ ಚಿಕಿತ್ಸೆ, ಎಂದೊಡನೆ ಎಲ್ಲರ ಗಮನ ಹೋಗುವುದು ಮೈನಸ್ 110 ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿಯ ಮೇಲೆ. ಮನೆಯ ಫ್ರೀಜರೇ ಮೈನಸ್ 18ರಲ್ಲಿರುತ್ತದೆ. ಅದಕ್ಕಿಂತ ಅಷ್ಟು ಕೆಳಗಿನ ಕೋಣೆಯಲ್ಲಿ ಚಡ್ಡಿ ತೊಟ್ಟು ಎರಡು ಮೂರು ನಿಮಿಷ ನಿಂತವರು ಹೆಪ್ಪುಗಟ್ಟದೆ ಹೊರಬರುವುದು ಹೇಗೆ? ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ, ನೀರು ಅದಕ್ಕಿಂತ ಸುಮಾರು 25 ಪಟ್ಟು ಬೇಗ. ಗಾಳಿ ಒಣಗಿದ್ದು, ಹೆಚ್ಚು ಅಲುಗಾಡದೆ ಇದ್ದರೆ ಚರ್ಮದ ಮೇಲೆ ಬೆಚ್ಚನೆಯ ತೆಳು ಪದರವೊಂದು ಉಳಿದುಕೊಳ್ಳುತ್ತದೆ. 1970ರ ದಶಕದ ಕೊನೆಯಲ್ಲಿ ಜಪಾನಿನ ವೈದ್ಯ ಯಾಮಾವುಚಿ ರುಮಟಾಯ್ಡ್ ಸಂಧಿವಾತದ ರೋಗಿಗಳಿಗಾಗಿ ಈ ವಿಧಾನ ಶುರು ಮಾಡಿದಾಗಲೂ, ಮುಂದೆ ಜರ್ಮನಿ, ಪೋಲೆಂಡ್‌ಗಳಲ್ಲಿ ಅದು ಬೆಳೆದಾಗಲೂ ಕೆಲಸ ನಡೆದದ್ದು ಈ ಪದರದ ಆಸರೆಯಲ್ಲೇ.

ಇಂದು ಬರೆದಿಡಬೇಕಾದದ್ದು ಒಂದು ತಪ್ಪು ತಿಳಿವಳಿಕೆಯ ಬಗ್ಗೆ. 'ಚಳಿ ನರಗಳನ್ನು ಮರಗಟ್ಟಿಸುತ್ತದೆ, ಅದಕ್ಕೇ ನೋವು ಹೋಗುತ್ತದೆ' ಎಂಬ ಮಾತು ಜಾಹೀರಾತುಗಳಲ್ಲಿ ಪದೇ ಪದೇ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ನರದ ಸುತ್ತಲಿನ ಉಷ್ಣತೆ ಒಂದು ಡಿಗ್ರಿ ಇಳಿದರೆ ಅದರಲ್ಲಿ ಸಂಕೇತ ಓಡುವ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಕುಗ್ಗುತ್ತದೆ. ನರ ಪರೀಕ್ಷೆ ಮಾಡುವ ಲ್ಯಾಬ್‌ಗಳಲ್ಲಿ ಕೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿಸಿಕೊಳ್ಳುವುದು ಇದೇ ಕಾರಣಕ್ಕೆ. ನೋವು ಮರಗಟ್ಟುವಷ್ಟು ಪರಿಣಾಮ ಬೇಕಾದರೆ ಚರ್ಮ 13 ಡಿಗ್ರಿಯ ಆಸುಪಾಸಿಗೆ ಇಳಿಯಬೇಕು. ಉಳುಕಿದ ಕಣಕಾಲಿನ ಮೇಲೆ ಐಸ್ ಚೀಲವನ್ನು 15–20 ನಿಮಿಷ ಇಟ್ಟರೆ ಅದು ಸಾಧ್ಯ. ಕ್ರಯೋ ಛೇಂಬರ್‌ನಲ್ಲಿ ಮೂರು ನಾಲ್ಕು ನಿಮಿಷ ಇದ್ದರೂ 32 ಡಿಗ್ರಿಯಷ್ಟಿದ್ದ ಚರ್ಮ ಸರಾಸರಿ ಸುಮಾರು 12 ಡಿಗ್ರಿ ಇಳಿದು 20ರ ಹತ್ತಿರ ನಿಲ್ಲುತ್ತದೆ. ಮಾಂಸಖಂಡ ಒಂದೆರಡು ಡಿಗ್ರಿ ತಣ್ಣಗಾದರೆ ಹೆಚ್ಚು. ಒಳದೇಹದ ಉಷ್ಣತೆ ಇಳಿಯುವುದು ಡಿಗ್ರಿಯ ಮೂರರಲ್ಲೊಂದು ಭಾಗದಷ್ಟು, ಅದೂ ಹೊರಬಂದ ಮೇಲೆ ನಿಧಾನವಾಗಿ. ಒಳಗಿನ ನರಗಳಿಗೆ ಚಳಿ ಮುಟ್ಟುವುದೇ ಇಲ್ಲ ಎನ್ನಬಹುದು.

ಹಾಗಿದ್ದೂ ಹೊರಬಂದವರು ನೋವು ಕಡಿಮೆಯಾಯಿತು, ಮೈ ಹಗುರಾಯಿತು ಎನ್ನುತ್ತಾರೆ. ಅದು ಸುಳ್ಳಲ್ಲ. ಚರ್ಮದ ನರತುದಿಗಳಲ್ಲಿ ಟಿಆರ್‌ಪಿಎಂ8 ಎಂಬ ಚಳಿಗ್ರಾಹಕ ಇದೆ. ಸುಮಾರು 26 ಡಿಗ್ರಿಗಿಂತ ಕೆಳಗೆ ಅದು ತೆರೆದುಕೊಳ್ಳುತ್ತದೆ, ಪುದೀನದ ಮೆಂಥಾಲ್ ತಗುಲಿದರೂ ತೆರೆದುಕೊಳ್ಳುತ್ತದೆ. 2002ರಲ್ಲಿ ಇದನ್ನು ಗುರುತಿಸಿದ ಎರಡು ತಂಡಗಳ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಾಪೂಟಿಯನ್ 2021ರ ನೊಬೆಲ್ ಹಂಚಿಕೊಂಡರು. ಈ ಗ್ರಾಹಕಗಳಿರುವ ನರಗಳು ಉಷ್ಣತೆ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಇಳಿಯುತ್ತಿದೆ ಎನ್ನುವುದಕ್ಕೆ ಜೋರಾಗಿ ಸ್ಪಂದಿಸುತ್ತವೆ. ಛೇಂಬರ್‌ನಲ್ಲಿ ಇಡೀ ಮೈಯ ಚರ್ಮ ಒಟ್ಟಿಗೆ, ಅತಿ ವೇಗವಾಗಿ ತಣಿಯುತ್ತದೆ. ಆ ಸುದ್ದಿ ಬೆನ್ನುಹುರಿಯ ಮೂಲಕ ಮೆದುಳುಕಾಂಡಕ್ಕೆ, ಅಲ್ಲಿಂದ ಮೈಯ ಉಷ್ಣತೆ ನಿಯಂತ್ರಿಸುವ ಹೈಪೋಥಲಾಮಸ್‌ಗೆ ತಲುಪುತ್ತದೆ. ಮರುಕ್ಷಣ, ಮೈಯನ್ನು ತುರ್ತಿಗೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಸಿ ಚರ್ಮದ ರಕ್ತನಾಳಗಳನ್ನು ಬಿಗಿದುಬಿಡುತ್ತವೆ. ರಕ್ತ ಒಳಕ್ಕೆ ಸರಿಯುತ್ತದೆ, ಬಿ.ಪಿ. ಏರುತ್ತದೆ. ಮೆದುಳುಕಾಂಡದಿಂದ ಬೆನ್ನುಹುರಿಗೆ ಇಳಿಯುವ, ನೋವಿನ ಸಂಕೇತಗಳನ್ನು ಅಲ್ಲೇ ತಡೆಯುವ ದಾರಿಗಳೂ ಇದೇ ನಾರ್‌ಅಡ್ರಿನಲಿನ್‌ನಿಂದ ಕೆಲಸ ಮಾಡುತ್ತವೆ. ನೋವು ತಗ್ಗುವುದಕ್ಕೆ ಹೆಚ್ಚು ನಂಬಲರ್ಹವಾದ ವಿವರಣೆ ಇದು.

ಫಿನ್‌ಲೆಂಡ್‌ನಲ್ಲಿ ಆರೋಗ್ಯವಂತ ಮಹಿಳೆಯರನ್ನು 12 ವಾರ, ವಾರಕ್ಕೆ ಮೂರು ಸಲ, ಮೈನಸ್ 110ರಲ್ಲಿ ಎರಡು ನಿಮಿಷ ನಿಲ್ಲಿಸಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಪ್ರತಿ ಸಲವೂ ನಾರ್‌ಅಡ್ರಿನಲಿನ್ ಎರಡು ಮೂರು ಪಟ್ಟು ಏರಿತು, ವಾರಗಳು ಕಳೆದ ಮೇಲೂ ಆ ಏರಿಕೆ ಕುಂದಲಿಲ್ಲ. ಮೈಯೇ ತಯಾರಿಸುವ ನೋವುನಿವಾರಕ ಬೀಟಾ ಎಂಡಾರ್ಫಿನ್ ಮಾತ್ರ ಏರಲಿಲ್ಲ. 'ಎಂಡಾರ್ಫಿನ್ ಚಿಮ್ಮುತ್ತದೆ' ಎನ್ನುವವರು ಇದನ್ನು ಗಮನಿಸಬೇಕು. 'ಡೋಪಮೀನ್ 250 ಶೇಕಡಾ ಹೆಚ್ಚುತ್ತದೆ' ಎಂಬ ಇನ್ನೊಂದು ಅಂಕಿಯೂ ಎಲ್ಲೆಡೆ ಓಡಾಡುತ್ತಿದೆ. ಅದು 2000ದ ಅಧ್ಯಯನದ್ದು; ಅಲ್ಲಿ ಜನ 14 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಕುಳಿತಿದ್ದರು. ಅದನ್ನು ಮೂರು ನಿಮಿಷದ ಛೇಂಬರ್‌ಗೆ ಅಂಟಿಸುವುದು ಸರಿಯಲ್ಲ.

ಫಿನ್‌ಲೆಂಡ್‌ನ ಫಲಿತಾಂಶದಿಂದ ನಿತ್ಯದ ಬಳಕೆಗೆ ಒಂದು ಪಾಠ ಸಿಗುತ್ತದೆ. ಕೆಲವು ಸರದಿಗಳಾದ ಮೇಲೆ ಉಸಿರು ಸಿಕ್ಕಿಕೊಳ್ಳುವುದು, ಗಾಬರಿ ಎರಡೂ ಕಡಿಮೆಯಾಗುತ್ತವೆ. 'ಈಗ ಚಳಿಯೇ ಅನಿಸುತ್ತಿಲ್ಲ, ಐದು ನಿಮಿಷ ಇರುತ್ತೇನೆ' ಎಂಬ ಆಸೆ ಹುಟ್ಟುವುದು ಆಗಲೇ. ಅಭ್ಯಾಸವಾಗಿರುವುದು ಅನುಭವಕ್ಕೆ, ಒಳಗಿನ ಸಿಂಪಥೆಟಿಕ್ ಹೊಡೆತ ಹಾಗೇ ಇದೆ. ಸಮಯ ಹೆಚ್ಚಿಸಿದರೆ ಚರ್ಮಕ್ಕೆ ಅಪಾಯ ಏರುತ್ತದೆ, ನರಗಳಿಗೆ ಹೊಸ ಲಾಭವೇನೂ ಸೇರುವುದಿಲ್ಲ.

ಹೊರಬಂದ ಮೇಲಿನ ಹೊತ್ತಿಗೂ ಅಷ್ಟೇ ಬೆಲೆ ಕೊಡಬೇಕು. ಬಿ.ಪಿ. ಏರಿದ್ದನ್ನು ಕುತ್ತಿಗೆ ಮತ್ತು ಎದೆಯ ದೊಡ್ಡ ರಕ್ತನಾಳಗಳ ಒತ್ತಡಗ್ರಾಹಕಗಳು ಮೆದುಳಿಗೆ ತಿಳಿಸುತ್ತವೆ. ಆಗ ಮೆದುಳುಕಾಂಡದಿಂದ ಹೃದಯಕ್ಕೆ ಹೋಗುವ ವೇಗಸ್ ನರ ಅದರ ಬಡಿತ ಇಳಿಸುತ್ತದೆ. ಬಡಿತಗಳ ನಡುವಿನ ಅಂತರದ ಏರಿಳಿತವನ್ನು ಅಳೆದರೆ ಮೈಯನ್ನು ಶಾಂತಗೊಳಿಸುವ ಪ್ಯಾರಾಸಿಂಪಥೆಟಿಕ್ ನರಗಳ ಚಟುವಟಿಕೆ ಮೊದಲಿಗಿಂತ ಹೆಚ್ಚಿರುವುದು ಕಾಣುತ್ತದೆ. ಹೊರಬಂದವರು ಹೇಳುವ ಆ ಹಗುರತನದ ಮೂಲ ಇದೇ ಇರಬೇಕು. ತಲೆಯೂ ಒಳಗಿರುವ ಪೂರ್ಣ ಛೇಂಬರ್‌ನಲ್ಲಿ ಈ ಪರಿಣಾಮ, ತಲೆ ಹೊರಗಿರುವ ಡ್ರಮ್ಮಿನಂಥ ಕ್ಯಾಬಿನ್‌ಗಿಂತ ಹೆಚ್ಚೆಂದು 2013ರ ಫ್ರೆಂಚ್ ಅಧ್ಯಯನವೊಂದು ತೋರಿಸಿತು. ಮುಖದ ಟ್ರೈಜೆಮಿನಲ್ ನರಕ್ಕೆ ಚಳಿ ತಾಗಿದರೆ ವೇಗಸ್ ಇನ್ನಷ್ಟು ಎಚ್ಚರಗೊಳ್ಳುತ್ತದೆ. ಆದರೆ ಇದನ್ನು 'ವೇಗಸ್ ರೀಸೆಟ್' ಎಂದು ಮಾರುವುದಕ್ಕೆ ಆಧಾರವಿಲ್ಲ.

ಇನ್ನು ಕ್ರಮ. ಮೊದಲು ಬಿ.ಪಿ. ನೋಡಬೇಕು, 160/100 ದಾಟಿದ್ದರೆ ಒಳಗೆ ಬಿಡಬಾರದು. ಮೈ ಸಂಪೂರ್ಣ ಒಣಗಿರಬೇಕು. ವ್ಯಾಯಾಮ ಅಥವಾ ಸ್ನಾನ ಮುಗಿಸಿ ನೇರವಾಗಿ ಬಂದವರನ್ನು ಬೆವರು ಆರುವವರೆಗೆ ಕೂರಿಸಬೇಕು. ಎಣ್ಣೆ, ಲೋಷನ್ ಹಚ್ಚಿರಬಾರದು. ಸರ, ಬಳೆ, ಕಾಲುಂಗುರ, ಕಿವಿಯೋಲೆ ಎಲ್ಲ ತೆಗೆಯಬೇಕು. ಒಣ ಹತ್ತಿಯ ಕಾಲುಚೀಲ, ಬೆರಳುಗಳೆಲ್ಲ ಒಂದೇ ಚೀಲದಲ್ಲಿ ಕೂರುವ ಕೈಗವಸು, ಕಿವಿಪಟ್ಟಿ, ಮಾಸ್ಕ್, ದಪ್ಪ ಅಟ್ಟೆಯ ಚಪ್ಪಲಿ ಇಷ್ಟೂ ಬೇಕು. ಒದ್ದೆ ಬಟ್ಟೆ ಏನು ಮಾಡುತ್ತದೆ ಎಂಬುದಕ್ಕೆ 2011ರ ಉದಾಹರಣೆ ಸಾಕು: ಅಮೆರಿಕದ ಓಟಗಾರ ಜಸ್ಟಿನ್ ಗ್ಯಾಟ್ಲಿನ್ ಬೆವರಿಗೆ ಒದ್ದೆಯಾದ ಕಾಲುಚೀಲದಲ್ಲೇ ಒಳಹೋಗಿ, ಪಾದಗಳಿಗೆ ಹಿಮಗಾಯ ಮಾಡಿಕೊಂಡು ಡೇಗುವಿನ ವಿಶ್ವ ಅಥ್ಲೆಟಿಕ್ಸ್‌ಗೆ ಬಂದರು.

ಮೈನಸ್ 60ರ ಮುಂಗೋಣೆಯಲ್ಲಿ ಅರ್ಧ ನಿಮಿಷ, ನಂತರ ಮುಖ್ಯ ಕೋಣೆ. ಮೊದಲ ಸಲ ಒಂದೂವರೆಯಿಂದ ಎರಡು ನಿಮಿಷ ಸಾಕು, ಮೂರು ನಿಮಿಷ ಮೇಲ್ಮಿತಿ. ನಿಧಾನವಾಗಿ ಹೆಜ್ಜೆ ಹಾಕುತ್ತಿರಬೇಕು. ಕೈ ಬೀಸಿದರೆ ಆ ಬೆಚ್ಚನೆಯ ಪದರ ಒಡೆಯುತ್ತದೆ. ಉಸಿರು ಚಿಕ್ಕದಾಗಿ, ಮೂಗಿನಿಂದ. ಬಾಗಿಲಿಗೆ ಚಿಲಕ ಇರಕೂಡದು, ಕಿಟಕಿಯಾಚೆ ಒಬ್ಬರು ಮಾತಾಡಿಸುತ್ತಲೇ ಇರಬೇಕು. ಉತ್ತರ ತಡವಾದರೆ ಅಥವಾ ತೊದಲಿದರೆ ತಕ್ಷಣ ಹೊರಗೆ. ಬಂದ ಮೇಲೆ ಹತ್ತು ಹದಿನೈದು ನಿಮಿಷ ಹಗುರವಾಗಿ ಓಡಾಡುವುದು. ಕೂಡಲೇ ಬಿಸಿನೀರಿನ ಸ್ನಾನ ಬೇಡ: ಚರ್ಮದ ನಾಳಗಳು ಒಮ್ಮೆಲೇ ಹಿಗ್ಗಿ ಬಿ.ಪಿ. ಕುಸಿದು ತಲೆಸುತ್ತು ಬರಬಹುದು.

ಮೇಲೆ ಹೇಳಿದ್ದು ವಿದ್ಯುತ್ತಿನಿಂದ ಗಾಳಿಯನ್ನು ತಂಪು ಮಾಡುವ ಕೋಣೆಗೆ. ದ್ರವ ಸಾರಜನಕದ ಕ್ಯಾಬಿನ್‌ನಲ್ಲಿ ಇನ್ನೊಂದು ಅಪಾಯವಿದೆ, ಅದೂ ನರವ್ಯೂಹಕ್ಕೇ ಸೇರಿದ್ದು. ಉಸಿರಾಡಲೇಬೇಕೆಂಬ ತಹತಹ ಹುಟ್ಟುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಸಾರಜನಕ ತುಂಬಿದ ಗಾಳಿಯಲ್ಲಿ ಡೈಆಕ್ಸೈಡ್ ಸಲೀಸಾಗಿ ಹೊರಹೋಗುತ್ತಿರುತ್ತದೆ, ಆಮ್ಲಜನಕ ಮಾತ್ರ ಇರುವುದಿಲ್ಲ. ಮೆದುಳಿಗೆ ಎಚ್ಚರಿಕೆಯೇ ಸಿಗದೆ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪುತ್ತದೆ. 2015ರ ಅಕ್ಟೋಬರ್‌ನಲ್ಲಿ ಅಮೆರಿಕದ ನೆವಾಡಾ ರಾಜ್ಯದ ಹೆಂಡರ್ಸನ್‌ನಲ್ಲಿ, ಕೆಲಸದ ಹೊತ್ತು ಮುಗಿದ ಮೇಲೆ ಒಬ್ಬಳೇ ಕ್ಯಾಬಿನ್ ಬಳಸಿದ ಉದ್ಯೋಗಿ ತೀರಿಕೊಂಡದ್ದು ಆಮ್ಲಜನಕದ ಕೊರತೆಯಿಂದ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಕಿಟಕಿ ಮುಚ್ಚಿ ಎ.ಸಿ. ಹಾಕಿದ ಚಿಕ್ಕ ಕೋಣೆಗೆ ಅಷ್ಟು ಸೋರಿದರೂ ಗಂಭೀರ. ತಣ್ಣನೆಯ ಅನಿಲ ನೆಲಕ್ಕೆ ಇಳಿಯುವುದರಿಂದ ಆಮ್ಲಜನಕದ ಸೆನ್ಸರ್ ಕೆಳಮಟ್ಟದಲ್ಲೂ ಮೂಗಿನ ಮಟ್ಟದಲ್ಲೂ ಇರಬೇಕು, 19.5 ಶೇಕಡಾಕ್ಕೆ ಅಲಾರಂ ಕೂಗಬೇಕು. ಗಲ್ಲ ಕ್ಯಾಬಿನ್‌ನ ಅಂಚಿಗಿಂತ ಮೇಲೆಯೇ ಇರುವಂತೆ ನಿಲ್ಲುವ ಹಲಗೆಯನ್ನು ಎತ್ತರಿಸಬೇಕು. ಏನಾದರೂ ಬಿದ್ದರೆ ಎತ್ತಿಕೊಳ್ಳಲು ಬಗ್ಗುವಂತಿಲ್ಲ.

ನರಗಳ ಕವಚ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗ ಇರುವವರ ಕವಚ ಕಳಚಿದ ನರಗಳಲ್ಲಿ ಸೆಕೆ ಸಂಕೇತವನ್ನು ತಡೆಯುತ್ತದೆ, ತಂಪು ಅದನ್ನು ದಾಟಿಸುತ್ತದೆ. ಪೋಲೆಂಡ್‌ನಲ್ಲಿ ಈ ರೋಗಕ್ಕೂ, ಔಷಧದ ಜೊತೆಗೆ ಖಿನ್ನತೆಗೂ ಪ್ರಯೋಗಗಳು ನಡೆದಿವೆ. ಆಸೆ ಹುಟ್ಟಿಸುವಂಥವು, ಆದರೆ ಚಿಕ್ಕವು. ಸ್ನಾಯುನೋವಿನ ಬಗ್ಗೆ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆಗೆ ಸಿಕ್ಕಿದ್ದು ನಾಲ್ಕು ಪ್ರಯೋಗಗಳ 64 ಜನ ಮಾತ್ರ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಯಾವ ಯಂತ್ರಕ್ಕೂ ಚಿಕಿತ್ಸೆಯ ಅನುಮೋದನೆ ಕೊಟ್ಟಿಲ್ಲವೆಂದು ಸ್ಪಷ್ಟಪಡಿಸಿತು.

ಹೃದ್ರೋಗ, ಮೂರ್ಛೆರೋಗ, ಚಳಿಗೆ ಬೆರಳಿನ ರಕ್ತನಾಳ ಬಿಗಿಯುವ ರೇನಾಡ್ ತೊಂದರೆ, ಚಳಿಗೆ ಪಿತ್ತಗಂಧೆ ಏಳುವ ಮೈ, ಬಸುರಿ ಇದ್ದರೆ ಬೇಡವೇ ಬೇಡ. ನಮ್ಮಲ್ಲಿ ಹೆಚ್ಚು ಕಾಳಜಿ ಬೇಕಾದದ್ದು ಸಕ್ಕರೆ ಕಾಯಿಲೆಯವರ ಬಗ್ಗೆ. ಪಾದದ ನರ ಕುಂದಿದ್ದರೆ ಉರಿಯ ಎಚ್ಚರಿಕೆಯೇ ಬರುವುದಿಲ್ಲ. ಹೃದಯ, ರಕ್ತನಾಳಗಳನ್ನು ನಿಯಂತ್ರಿಸುವ ನರಗಳೂ ಕುಂದಿದ್ದರೆ ಬಿ.ಪಿ. ಸರಿದೂಗಿಸುವ ಪ್ರತಿವರ್ತನೆ ಕೈಕೊಡುತ್ತದೆ. 10 ಗ್ರಾಂ ಒತ್ತಡಕ್ಕೆ ಬಾಗುವ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ ನೋಡುವ ಪರೀಕ್ಷೆಗೆ ಎರಡು ನಿಮಿಷ ಸಾಕು. ಎಳೆ ತಗುಲಿದ್ದು ಗೊತ್ತಾಗದವರನ್ನು ವಾಪಸ್ ಕಳಿಸಬೇಕು. ಹೊರಬಂದವರ ಬೆರಳು, ಕಿವಿ, ಪಾದ ನೋಡಿ. ಮೇಣದಂತೆ ಬಿಳಿಚಿ ಸ್ಪರ್ಶ ತಿಳಿಯದ ಜಾಗವಿದ್ದರೆ ಉಜ್ಜಬೇಡಿ, 37–39 ಡಿಗ್ರಿಯ ನೀರಿನಲ್ಲಿ ಕೆಂಪಾಗಿ ಮೆತ್ತಗಾಗುವವರೆಗೆ, ಸುಮಾರು ಅರ್ಧ ಗಂಟೆ ಮುಳುಗಿಸಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಿರಿ.