ಬೆನ್ನುನೋವಿಗೆ ಆಫೀಸಿನಲ್ಲಿ ಬೇರೆ ಕುರ್ಚಿ ಕೇಳಬಹುದಾ?

ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಸಹಕಾರಿ ಬ್ಯಾಂಕು, ಪಂಚಾಯತು ಆಫೀಸುಗಳಲ್ಲಿ ದಿನವಿಡೀ ಕಂಪ್ಯೂಟರಿನ ಎದುರು ಕೂರುವವರು ಕೇಳುವ ಪ್ರಶ್ನೆ ಇದು. ಕೇಳಿದರೆ ಕೊಡುತ್ತಾರಾ ಎಂಬುದು ಅದರ ಬಾಲ.

ಕೇಳಬಹುದು. ಆದರೆ "ಸರ್, ಒಂದು ಒಳ್ಳೆ ಚೇರ್ ಬೇಕಿತ್ತು" ಎಂದಷ್ಟೇ ಹೇಳಿದರೆ ಮೀಟಿಂಗ್ ಹಾಲಿನ ಮೂಲೆಯಲ್ಲಿದ್ದ ದಪ್ಪ ರೆಕ್ಸಿನ್ ಕುರ್ಚಿ ನಿಮ್ಮ ಮೇಜಿಗೆ ಬಂದೀತು. ನೋಡಲು ಸಿಂಹಾಸನ, ಬೆನ್ನಿನ ಪಾಡು ಹಿಂದಿನದೇ. ಅರ್ಜಿಗೂ ಮೊದಲು ಟೈಲರ್ ಟೇಪು ಹಿಡಿಯಿರಿ.

ಚಪ್ಪಲಿ ಹಾಕಿ ಕುಳಿತು ನೆಲದಿಂದ ಮೊಣಕಾಲ ಹಿಂಬದಿಯವರೆಗೆ ಅಳೆಯಿರಿ. ಅದು ಸೀಟಿನ ಎತ್ತರ. ಮೊಣಕೈ ಮಡಚಿ ನೆಲದಿಂದ ಅಲ್ಲಿಯವರೆಗೆ ಅಳೆದರೆ ಕೀಬೋರ್ಡು ಇರಬೇಕಾದ ಎತ್ತರ. ಐದಡಿ ಎತ್ತರದವರಿಗೆ ಇವು ಸುಮಾರು 40 ಮತ್ತು 62 ಸೆಂ.ಮೀ. ಬರುತ್ತವೆ. ಆಫೀಸಿನ ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಕೈ ಎಟುಕಲೆಂದು ಕುರ್ಚಿ ಏರಿಸಿದರೆ ಕಾಲು ನೇತಾಡುತ್ತದೆ, ಸೀಟಿನ ಅಂಚು ತೊಡೆಗೆ ಒತ್ತುತ್ತದೆ. ಇಳಿಸಿದರೆ ಹೆಗಲು ಕಿವಿಗೆ ಏರುತ್ತದೆ. ಹೊಸ ಕುರ್ಚಿ ಬಂದೂ ನೋವು ಹೋಗದಿರಲು ಮೇಜಿಗೂ ಮೊಣಕೈಗೂ ನಡುವಿನ ಈ 13 ಸೆಂ.ಮೀ. ಕಾರಣವಾಗಬಹುದು. ಕುರ್ಚಿಯ ಜತೆಗೇ ಅಷ್ಟೆತ್ತರದ ಕಾಲುಮಣೆ, ಇಲ್ಲವೇ ಮೇಜಿನಡಿಗೆ ಕೀಬೋರ್ಡ್ ಟ್ರೇ ಕೇಳಿ. ಕಾಲುಮಣೆಯನ್ನು ಊರಿನ ಬಡಗಿಯೇ ಮಾಡಿಕೊಟ್ಟಾರು.

ಡಾಕ್ಟರ ಚೀಟಿಯಲ್ಲಿ "ಹೆಚ್ಚು ಹೊತ್ತು ಕೂರಬಾರದು" ಎಂದು ಮಾತ್ರ ಇದ್ದರೆ ತೊಂದರೆ. ಕೂರಲಾಗದವರಿಗೆ ಕುರ್ಚಿ ಯಾಕೆ, ರಜೆ ಹಾಕಲಿ ಎನ್ನುತ್ತಾರೆ. "ಕೆಲಸ ಮಾಡಲು ಶಕ್ತರು, ಎತ್ತರ ಹೊಂದಿಸಬಹುದಾದ, ಸೊಂಟಕ್ಕೆ ಆನಿಕೆ ಇರುವ ಕುರ್ಚಿ ಅಗತ್ಯ, ಆರು ತಿಂಗಳ ಬಳಿಕ ಮರುಪರೀಕ್ಷೆ" ಎಂದು ಬರೆಸಿಕೊಳ್ಳಿ. ಎಂಆರ್‌ಐ ರಿಪೋರ್ಟು ಆಫೀಸಿಗೆ ಬೇಡ.

ಕಾನೂನಿನ ಬಗ್ಗೆ ಅತಿ ಭರವಸೆ ಬೇಡ. ಕೇರಳದ ಅಂಗಡಿ ನೌಕರರಿಗೆ 2018ರಲ್ಲಿ ಸಿಕ್ಕ ಹಕ್ಕು ಕುಳಿತುಕೊಳ್ಳಲು ಆಸನ ಇರಬೇಕೆಂಬುದಷ್ಟೇ, ಎಂಥ ಆಸನ ಎಂಬುದಲ್ಲ. ಅಂಗವೈಕಲ್ಯ ಇರುವವರ ಮಾತು ಬೇರೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸರಕಾರಿ ಸಂಸ್ಥೆ ಅವರಿಗೆ ತಕ್ಕ ಅನುಕೂಲ ಮಾಡಿಕೊಡಲೇಬೇಕು. ಉಳಿದವರಿಗೆ ಅರ್ಜಿಯೇ ಆಧಾರ.

ಅರ್ಜಿ ಒಂದೇ ಪುಟ ಸಾಕು. ಯಾವ ಕೆಲಸ, ದಿನಕ್ಕೆ ಎಷ್ಟು ಗಂಟೆ, ಯಾವ ಅಳತೆ. ಬ್ರ್ಯಾಂಡಿನ ಹೆಸರು ಬರೆದರೆ "ಇವರಿಗೆ ಅದೇ ಕಂಪೆನಿಯದ್ದು ಬೇಕಂತೆ" ಎಂಬ ಟಿಪ್ಪಣಿಯೊಂದಿಗೆ ಫೈಲು ಮಲಗುತ್ತದೆ. ಗುಣಗಳನ್ನು ಬರೆಯಿರಿ, ಎರಡು ಮೂರು ಕೊಟೇಶನ್ ಲಗತ್ತಿಸಿ. ಸರಕಾರಿ ಕಚೇರಿಯಾದರೆ ಮಾರ್ಚಿನ ಬಿಲ್ಲುಗಳ ನೂಕುನುಗ್ಗಲಿಗೆ ಮೊದಲೇ ಕೊಡಿ. ಕಾಸರಗೋಡಿನ ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು. ಕೊಚ್ಚಿಯಲ್ಲಿ ಎಚ್‌ಆರ್ ಇರುವ ಖಾಸಗಿ ಕಂಪೆನಿಗೆ ಇಂಗ್ಲಿಷೇ ವಾಸಿ. ಸೀಲು ಹಾಕಿಸಿದ ಪ್ರತಿ ನಿಮ್ಮಲ್ಲಿರಲಿ.

ಕುರ್ಚಿ ಬಂದ ದಿನ ಬಿಲ್ಲಿಗೆ ಸಹಿ ಹಾಕುವ ಮುನ್ನ ಅರ್ಧ ಗಂಟೆ ಕೂತು ನೋಡಿ. ಸೀಟು ತಾನಾಗಿ ಕೆಳಗಿಳಿದರೆ ಅದನ್ನು ಏರಿಸಿ ಇಳಿಸುವ ಗ್ಯಾಸ್ ಸಿಲಿಂಡರ್ ಸರಿಯಿಲ್ಲ. ಕೈಯಾನಿಕೆ ಮೇಜಿಗೆ ತಾಗಿದರೆ ನೀವು ಮುಂದಕ್ಕೆ ಬಾಗಿಯೇ ಕೂರುತ್ತೀರಿ. ಸೀಟಿನ ಅಂಚಿಗೂ ಮೊಣಕಾಲಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಟೈಲ್ಸ್ ನೆಲಕ್ಕೆ ಗಟ್ಟಿ ನೈಲಾನ್ ಚಕ್ರ ಜಾರುತ್ತದೆ, ಮೆತ್ತನೆಯದನ್ನು ಹಾಕಿಸಿ. ಬೆನ್ನಿಗೆ ಬಲೆಯಂಥ ಮೆಶ್ ಇರಲಿ; ನಮ್ಮ ಕಡಲಬದಿಯ ಬೆವರಿಗೆ ರೆಕ್ಸಿನ್ ಸುಲಿದು ಪ್ಯಾಂಟಿಗೆ ಅಂಟುತ್ತದೆ.